ಮೀನು ಮಾರ್ಕೆಟಿನಲ್ಲಿ ರಾಣಿ

ಕುಂದಾಪುರದಲ್ಲಿ ಈಗ ಮೊಬೈಲ್ ಅಂಗಡಿಯಿರುವ ಜಾಗದಲ್ಲಿ ಆಗ ಟೈಲರೊಬ್ಬರ ಹೊಲಿಗೆ ಅಂಗಡಿಯಿತ್ತು. ನಮ್ಮ ಕೇರಿಯ ಹೆಂಗಸರ ನಾಟಕ ಸಂಘಕ್ಕೆ ಅವರೇ ಕಾರ್ಯದರ್ಶಿ. ಅಳತೆ ಟೇಪು ಸದಾ ಕೊರಳಲ್ಲಿ. ಸರ್ಕಾರದ ಅನುದಾನಕ್ಕಾಗಿ ಉಡುಪಿಗೆ ಅಲೆದು ಬಂದಾಗಲೆಲ್ಲ ನಾವು, "ಎಂತ ಆಯ್ತ್?" ಎಂದು ಕೇಳುತ್ತಿದ್ದೆವು. "ಅಕ್ಕ್, ಕಾಂಬ", ಆದೀತು, ನೋಡೋಣ, ಎಂದಷ್ಟೇ ಹೇಳಿ ಅವರು ಮಿಷನ್ ತುಳಿಯತೊಡಗುತ್ತಿದ್ದರು. ಅನುದಾನ ಬಾರದಿದ್ದರೆ ಆ ವರ್ಷ ಸಂಘ ಮುಚ್ಚುವುದೆಂದೇ ಆಗಿತ್ತು.

ಒಂದು ಬೆಳಿಗ್ಗೆ ಇಲಾಖೆಯ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದು, ಇಂಥ ಸಂಘ ನಿಜಕ್ಕೂ ಇದೆಯೇ ಎಂದು ವಿಚಾರಿಸಿದರು. ನಾವು ನಟಿಯರೆಲ್ಲ ಮೀನು ಮಾರುತ್ತ ಕೂತಿದ್ದೆವು. ಕಾರ್ಯದರ್ಶಿಗಳು ಅವರನ್ನು ಮಾರ್ಕೆಟಿಗೇ ಕರೆತಂದರು.

"ಹ್ವಾಯ್ ಅಕ್ಕ, ರಾಣಿ ಪಾರ್ಟ್ ಒಂಚೂರ್ ಮಾಡಿ ಕಾಣಿ. ಸಾಹೇಬ್ರ್ ಬಂದಿರ್" ಎಂದರು ನನಗೆ.

ಕೈಯಲ್ಲಿದ್ದ ಬಂಗುಡೆಯ ಸಮೇತ ಎದ್ದು ನಿಂತೆ. "ಕೋಟೆಯ ಬಾಗಿಲು ತೆರೆಯಿರಿ, ಶತ್ರುವನ್ನು ನಾನೇ ಎದುರಿಸುತ್ತೇನೆ" ಎಂದೆ. ಪಕ್ಕದ ಬುಟ್ಟಿಯ ಹಿಂದಿನಿಂದ ಮಂತ್ರಿ ಬೇಡವೆಂದಳು. ಐಸ್ ಪೆಟ್ಟಿಗೆಯ ಹತ್ತಿರದಿಂದ ಸೇನಾಪತಿ ಓಡಿ ಬಂದಳು. ಗಿರಾಕಿಗಳು ಚೀಲ ಹಿಡಿದುಕೊಂಡೇ ದಾರಿ ಬಿಟ್ಟು ನಿಂತರು. ಅಧಿಕಾರಿ ದೃಶ್ಯ ಮುಗಿಯುವವರೆಗೂ ಕದಲಲಿಲ್ಲ. ಅವರ ಪಕ್ಕದಲ್ಲಿ ಕಾರ್ಯದರ್ಶಿಗಳ ತುಟಿ ನಮ್ಮ ಮಾತಿನ ಜೊತೆಗೇ ಅಲ್ಲಾಡುತ್ತಿತ್ತು.

ಅನುದಾನ ಮಂಜೂರಾಯಿತು. ಅದರಲ್ಲಿ ಸಂಘಕ್ಕೊಂದು ಮೈಕ್ ಬಂತು. ಆ ಮೈಕಿನಲ್ಲಿ ಮೊದಲ ಮಾತು ಅವರದೇ ಆಗಬೇಕೆಂದು ನಾವು ಹಟ ಹಿಡಿದು ವೇದಿಕೆ ಹತ್ತಿಸಿದೆವು. ಅವರು ಮೈಕಿನ ಹತ್ತಿರ ಬಾಯಿ ತಂದರು, ಕೈಮುಗಿದರು, ಇಳಿದು ಹೋದರು. ಕೇರಿಗೆಲ್ಲ ಕೇಳಿಸಿದ್ದು ಅವರ ಉಸಿರು ಮಾತ್ರ.