ಮಾತ್ರೆ ಕೊಟ್ಟ ಮೇಲೆ ಕೇಳಿದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಇದನ್ನೆಲ್ಲ ನಂಬುವುದು ಕಷ್ಟ. ನೀವೂ ನಂಬಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ಬಂಗಾರಪೇಟೆಯಿಂದ, ಹಳೆಯ ಚಿನ್ನದ ಗಣಿಗಳ ಊರಾದ ಚಾಂಪಿಯನ್ ರೀಫ್ಸ್‌ನ ಒಂದು ವೃದ್ಧಾಶ್ರಮಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಹಳೆಯ ಕಟ್ಟಡ. ಅಲ್ಲಿ ಮುನಿಯಪ್ಪ ತಾತ ಎಂಬವರಿದ್ದರು. ಮೂವತ್ತು ವರ್ಷ ಗಣಿಯೊಳಗೆ ದುಡಿದವರು, ಈಗ ಮರೆವಿನ ಕಾಯಿಲೆ. ಮಧ್ಯಾಹ್ನವಾದರೆ ಗೋಡೆಗೆ ಕಿವಿಯಿಟ್ಟು, "ಬಂಡೆ ಮಾತಾಡ್ತೈತೆ, ಎಲ್ಲಾರೂ ಆಚೆ ಓಗ್ರಪ್ಪಾ" ಎಂದು ಕೂಗುತ್ತಿದ್ದರು. ಗಣಿಯಲ್ಲಿ ಬಂಡೆ ಕುಸಿಯುವ ಮೊದಲು ಚಟಚಟ ಸದ್ದು ಮಾಡುವುದಕ್ಕೆ ಅಲ್ಲಿಯವರು ಹಾಗೆನ್ನುತ್ತಾರೆ. "ಕೂಗಿದ್ರೆ ಈ ಮಾತ್ರೆ ಕೊಡು, ತಣ್ಣಗಾಗ್ತಾರೆ" ಎಂದು ಹಿಂದಿನ ಸಿಸ್ಟರ್ ಹೇಳಿಹೋಗಿದ್ದರು. ನಿದ್ದೆ ಮಾತ್ರೆ ಎಂದುಕೊಂಡು ಕೊಡುತ್ತಾ ಬಂದೆ. ಅದು ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಔಷಧಿ, ವಯಸ್ಸಾದವರ ಕೈಕಾಲು ಬಿಗಿದುಕೊಳ್ಳುವಂತೆ ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲೂ ಇಲ್ಲ. ವಾರ್ಡು ಶಾಂತವಾಗಿತ್ತು, ನನಗೆ ಅಷ್ಟೇ ಸಾಕಾಗಿತ್ತು. ಎರಡು ತಿಂಗಳಲ್ಲಿ ತಾತನಿಗೆ ಚಮಚ ಹಿಡಿಯಲಾಗದೆ ಹೋಯಿತು. ವಯಸ್ಸಾಯಿತಲ್ಲ ಎಂದುಕೊಂಡೆ.

ಒಂದು ಮಧ್ಯಾಹ್ನ ಅವರು ಬಿಗಿದ ಕೈಯನ್ನು ನನ್ನ ತೋಳಿಗೆ ಸಿಕ್ಕಿಸಿ ಬಾಗಿಲ ಕಡೆ ಎಳೆಯತೊಡಗಿದರು. ಸಿಟ್ಟು ಬಂದು, ಒಂದರ ಬದಲು ಎರಡು ಮಾತ್ರೆ ನುಂಗಿಸಿದೆ. ಅರ್ಧ ಗಂಟೆಯಲ್ಲಿ ಬಾಯಿ ತೆರೆದುಕೊಂಡು ಮಲಗಿಬಿಟ್ಟರು. ನಾನು ಮೂಲೆಯಲ್ಲಿ ಕುಳಿತು ಚಾರ್ಟ್ ಬರೆಯುತ್ತಿದ್ದೆ.

ಆಗ ವರಾಂಡದಿಂದ ತಾತನ ದನಿ ಕೇಳಿಸಿತು. "ಸಿಸ್ಟ್ರಮ್ಮಾ, ಇತ್ತಾಗೆ ಬಾಮ್ಮಾ."

ಯಾವಾಗ ಎದ್ದರು, ಬಿದ್ದರೇನು ಗತಿ ಎಂದು ಓಡಿದೆ. ವರಾಂಡದಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಒಳಗೆ ದೊಡ್ಡ ಸದ್ದಾಯಿತು. ತಿರುಗಿ ನೋಡಿದರೆ ಚಾವಣಿಯ ಗಾರೆ ಬಾಗಿಲಗಲ ಕಳಚಿ ನನ್ನ ಕುರ್ಚಿಯ ಮೇಲೆ ಬಿದ್ದಿತ್ತು. ತಾತ ಅಷ್ಟು ಸದ್ದಿಗೂ ಎಚ್ಚರವಾಗದೆ, ಹಾಸಿಗೆಯಲ್ಲಿ ಹಾಗೆಯೇ ಮಲಗಿದ್ದರು.

ಅವತ್ತೇ ಡಾಕ್ಟರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಆ ದನಿಯ ವಿಷಯ ಮಾತ್ರ ಹೇಳಲಿಲ್ಲ. ಡಾಕ್ಟರು ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ, "ಇದನ್ನ ಯಾತಕ್ಕೆ ಕೊಡ್ತಾರೆ ಗೊತ್ತೇನಮ್ಮಾ?" ಎಂದರು. ಅದು ಎಂಥ ಔಷಧಿ ಎಂದು ಆಮೇಲೆ ಅವರೇ ತಿಳಿಸಿದರು.

ಅವರು ಮಾತ್ರೆ ನಿಲ್ಲಿಸಿದರು. ಕೆಲವು ವಾರಗಳಲ್ಲಿ ತಾತನ ಮಾತು ತಿಳಿಯಾಯಿತು. ಆದರೆ ಕೈಕಾಲು ಮೊದಲಿನಂತಾಗಲಿಲ್ಲ. ಒಂದು ದಿನ ಪಕ್ಕದಲ್ಲಿ ಕುಳಿತು ಕೇಳಿದೆ, "ತಾತಾ, ಗಾರೆ ಬಿದ್ದ ದಿನ ನನ್ನ ಕರೆದ್ರಾ?"

"ನಾನೆಲ್ಲಿ ಕರೀಲಮ್ಮಾ, ನಾಲಿಗೇನೇ ಆಡ್ತಿರ್ಲಿಲ್ಲ" ಎಂದರು. ಆಮೇಲೆ ಚಾವಣಿಯ ಕಡೆ ನೋಡಿ, "ಕೂಗ್ಬೇಕು ಅಂತ ಇತ್ತು" ಎಂದರು.

ಅವರು ತೀರಿಕೊಳ್ಳುವವರೆಗೂ ನಾನೇ ಮುದ್ದೆ ಮುರಿದು ತಿನ್ನಿಸಿದೆ. ಅವರು ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ದನಿ ಎಲ್ಲಿಂದ ಬಂತು, ಅವರ ಬಾಯಿ ಮುಚ್ಚಿಸಿದ ನನ್ನನ್ನೇ ಅದು ಏಕೆ ಕರೆಯಿತು ಎಂಬುದು ಇಂದಿಗೂ ನನಗೆ ತಿಳಿದಿಲ್ಲ.