ನಾಲಿಗೆಯಲ್ಲಿ ಬ್ಯಾಟರಿ ನೋಡುತ್ತಿದ್ದ ಮಾವ

ಮಾವನವರ ನಾಲಿಗೆಯ ತುದಿ ಸದಾ ಒಂದಿಷ್ಟು ಹೊರಗೇ ಇರುತ್ತಿತ್ತು. ಟಾರ್ಚಿನ ಸೆಲ್ಲು ಕೈಗೆ ಸಿಕ್ಕರೆ ಸಾಕು, ಅದರ ಎರಡು ತುದಿಗೂ ತಂತಿ ಒತ್ತಿ, ತಂತಿಗಳ ಕೊನೆಯನ್ನು ನಾಲಿಗೆಗೆ ಮುಟ್ಟಿಸಿ, ಸಾರಿನ ರುಚಿ ನೋಡುವವರಂತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಇನ್ನೂ ಹುಳಿ ಐತೆ" ಎಂದರೆ ಸೆಲ್ಲಿಗೆ ಜೀವವಿದೆ ಎಂದರ್ಥ. "ಸಪ್ಪೆ" ಎಂದರೆ ಅದರ ಕಥೆ ಮುಗಿಯಿತು.

ನಾನು ಮದುವೆಯಾಗಿ ಕೊಪ್ಪಕ್ಕೆ ಬಂದದ್ದು ಯುದ್ಧ ಶುರುವಾದ ಹೊಸದರಲ್ಲಿ. ಸೊಸೆ ಮಾವನ ಎದುರು ನಿಲ್ಲುವ ಕಾಲವಲ್ಲ ಅದು. ಗದ್ದೆ, ಕಬ್ಬು, ಎಮ್ಮೆಗಳಿದ್ದ ಮನೆಯ ಯಜಮಾನರು ಪಡಸಾಲೆಯಲ್ಲಿ ಕುಳಿತು ಗ್ರಾಮಫೋನಿನ ಹೊಟ್ಟೆ ಬಿಚ್ಚುವುದನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ಕದ್ದು ನೋಡುತ್ತಿದ್ದೆ. ಒಂದು ದಿನ ಅವರ ಕಣ್ಣಿಗೆ ಬಿದ್ದೆ.

"ಸಂದೀಲಿ ನೋಡುದ್ರೆ ಏನ್ ಕಾಣ್ತದವ್ವ? ಬಾ ಇಲ್ಲಿ, ನಾಲ್ಗೆ ಚಾಚು" ಎಂದರು.

ಮಾವನ ಮುಂದೆ ನಾಲಿಗೆ ಚಾಚಿದ ಸೊಸೆ ಮದ್ದೂರು ಸೀಮೆಯಲ್ಲೇ ನಾನೊಬ್ಬಳಿರಬೇಕು. ನಾಲಿಗೆ ಚುರ್ರೆಂದಿತು, ಹುಣಸೆಹಣ್ಣಿನ ಹುಳಿಯಲ್ಲದ ಬೇರೆ ಯಾವುದೋ ಹುಳಿ. ಆವತ್ತಿನಿಂದ ನಾನು ಬಾಗಿಲ ಸಂದಿ ಬಿಟ್ಟೆ.

ಹಳೆಯ ಸಾಮಾನನ್ನು ಅವರು ಎಸೆಯುತ್ತಿರಲಿಲ್ಲ, ಪಿಂಚಣಿ ಕೊಡುತ್ತಿದ್ದರು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಪಕ್ಕದಲ್ಲಿ ಆ ವರ್ಷ ಕೆಟ್ಟುಹೋದದ್ದನ್ನೂ ಕೂರಿಸಿ ಕುಂಕುಮ ಇಟ್ಟು, "ದುಡುದ್ದು ಸಾಕು, ನಿಂಗೆ ಪಿಂಚಣಿ ಕಣಪ್ಪ" ಎಂದು ಗಟ್ಟಿಯಾಗಿ ಹೇಳುವರು. ಆಮೇಲೆ ಅದು ಹಿತ್ತಲ ಕೋಣೆಯ ಹಳೇ ರಾಗಿ ಗುಡಾಣ ಸೇರುತ್ತಿತ್ತು. ಆದರೆ ಎರಡು ಕಟ್ಟುನಿಟ್ಟು. ಬಿಚ್ಚಿ ಒಳಗೇನಿದೆ ಎಂದು ನೋಡದೆ ಪಿಂಚಣಿ ಇಲ್ಲ. ಹುಳಿ ಇರುವವರೆಗೆ ಸೆಲ್ಲಿಗೆ ಪಿಂಚಣಿ ಇಲ್ಲ. ಎರಡು ಬಿಲ್ಲೆಗಳನ್ನು ಕಿವಿಗೆ ಹಾಕಿಕೊಂಡು ಒಬ್ಬರೇ ಕೇಳಬೇಕಾದ ಅವರ ಮೊದಲ ರೇಡಿಯೋ ಹೀಗೇ ಗುಡಾಣಕ್ಕೆ ಹೋಗಿತ್ತು. ಹೊಸ ರೇಡಿಯೋ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿತ್ತು. ಮಂಡ್ಯದಲ್ಲಿ ಕರೆಂಟಿದ್ದರೂ ನಮ್ಮೂರಿಗೆ ಇರಲಿಲ್ಲ, ಅದು ನಡೆಯುತ್ತಿದ್ದದ್ದು ಇಟ್ಟಿಗೆಯಂಥ ಬ್ಯಾಟರಿಯಿಂದ. ಸಂಜೆ ಜಗಲಿ ತುಂಬ ಜನ.

ಆ ಜನಕ್ಕೆಲ್ಲ ಮಜ್ಜಿಗೆ ತಂದುಕೊಡುವವರು ಅತ್ತೆ. ಚಳಿಜ್ವರಕ್ಕೆ ನುಂಗಿದ ಕ್ವಿನೈನು ಅವರ ಕಿವಿ ತಿಂದುಹಾಕಿ ವರ್ಷಗಳಾಗಿದ್ದವು. ಕಿವಿಯ ಹತ್ತಿರ ಕೂಗಿದರೆ ಏನೋ ಗುಂಯ್ ಎನ್ನುತ್ತದೆಯೇ ಹೊರತು ಮಾತಾಗುವುದಿಲ್ಲ ಎನ್ನುತ್ತಿದ್ದರು. ಬರಬರುತ್ತ ಮಾತಾಡುವುದನ್ನೂ ಬಿಟ್ಟರು. ಜಗಲಿಯವರು ನಕ್ಕರೆ ಯಾಕೆ ನಕ್ಕರು ಎಂದು ಒಬ್ಬೊಬ್ಬರ ಮುಖ ನೋಡಿ, ತಾವೂ ಸ್ವಲ್ಪ ತಡವಾಗಿ ನಗುವರು. ಮಾವ ಅದನ್ನು ನೋಡಿ ತಲೆ ತಗ್ಗಿಸುತ್ತಿದ್ದರು.

ಒಮ್ಮೆ ಮದ್ದೂರು ಸ್ಟೇಷನ್ನಿನಲ್ಲಿ ಟೆಲಿಫೋನು ಕೆಟ್ಟು, ರಿಪೇರಿಯವನು ಅದರ ಬಾಯಿ ಬಿಚ್ಚಿದ್ದನಂತೆ. ಮೈಸೂರಿಗೆ ಹೊರಟಿದ್ದ ಮಾವ ರೈಲು ಬಿಟ್ಟು ಅದನ್ನೇ ನೋಡುತ್ತ ನಿಂತುಬಿಟ್ಟರು. ಮನೆಗೆ ಬಂದವರೇ, "ಒಳಗೇನೂ ಇಲ್ಲ ಕಣವ್ವ, ಒಂದು ತಗಡು, ಅದ್ರ ಹಿಂದೆ ಕರೀ ಪುಡಿ. ಮಾತಿಗೆ ತಗಡು ಅದುರ್ತದೆ, ಪುಡಿ ಅಲ್ಲಾಡ್ತದೆ, ಅಷ್ಟೇಯ" ಎಂದು ನನ್ನ ಮುಂದೆ ಕೈ ಆಡಿಸಿದರು. ಅಂಥದ್ದೇ ಒಂದನ್ನು ಅತ್ತೆಯ ಕಿವಿಗೆ ಮಾಡುವುದೆಂದು ನಿರ್ಧರಿಸಿದರು. ಅವರಿಗೆ ಮಾತ್ರ ಸುದ್ದಿ ತಿಳಿಸಬಾರದು. ಕೆಲಸ ಮಾಡದಿದ್ದರೆ ಆಸೆ ಹುಟ್ಟಿಸಿದಂತಾಗುತ್ತದಲ್ಲ!

ಗುಡಾಣದ ಸತ್ತ ಸೆಲ್ಲುಗಳೆಲ್ಲ ಆಚೆ ಬಂದವು. ಅವುಗಳ ನಡುವಿನ ಕರೀ ಕಡ್ಡಿಗಳನ್ನು ನಾನು ಕುಟ್ಟಿದೆ, ಜರಡಿ ಹಿಡಿದೆ. ನಶ್ಯದ ಡಬ್ಬಿಯೊಳಗೆ ಪುಡಿ, ಬಾಯಿಗೆ ತೆಳು ತಗಡು, ಅಲ್ಲಿಂದ ತಂತಿ ಹುಳಿಯಿದ್ದ ಟಾರ್ಚಿನ ಸೆಲ್ಲು ಹಾದು ಹಳೇ ರೇಡಿಯೋದ ಕಿವಿಬಿಲ್ಲೆಗೆ. ಆಯುಧಪೂಜೆಯ ಹಿಂದಿನ ದಿನ ಮುಗಿಯಿತು. ನಾಳೆ ಪೂಜೆ ಮಾಡಿಯೇ ಅವಳ ಕಿವಿಗೆ ಹಾಕೋಣ ಎಂದು ಮಾವ ಅದನ್ನು ಆಯುಧಗಳ ಸಾಲಿನಲ್ಲಿಟ್ಟು ಗದ್ದೆಗೆ ಹೋದರು.

ಪೂಜೆಗೆ ಮುಂಚೆ ಎಲ್ಲವನ್ನೂ ತೊಳೆಯಬೇಕಲ್ಲ. ನಾನು ಹಿತ್ತಲಿಂದ ಬರುವಷ್ಟರಲ್ಲಿ ಅತ್ತೆ ನೇಗಿಲ ಗುಳ ತೊಳೆದು, ಕುಡುಗೋಲು ತಿಕ್ಕಿ, ಡಬ್ಬಿಯನ್ನೂ ಬಿಚ್ಚಿ ಮಸಿಯೆಂದು ಪುಡಿಯನ್ನು ಚೆಲ್ಲಿ, ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಟ್ಟಿದ್ದರು. ಮಾವ ಬಂದು ನೋಡಿದರು. ಬೈಯಲು ಬಾಯಿ ತೆರೆದರು. ಬೈದರೆ ಕೇಳಬೇಕಲ್ಲ! ಹಾಗೇ ಕುಕ್ಕರಿಸಿದರು. ಅತ್ತೆ ನನ್ನ ಮುಖ ನೋಡಿ, ಅವರ ಮುಖ ನೋಡಿ, ಏನೋ ಕೆಡಿಸಿದೆನೆಂದು ತಿಳಿದು ಒಳಗೆ ಹೋದರು.

ಮತ್ತೆ ಪುಡಿ ಮಾಡಲು ಗುಡಾಣದಲ್ಲಿ ಸತ್ತ ಸೆಲ್ಲೂ ಉಳಿದಿರಲಿಲ್ಲ. ಯುದ್ಧಕಾಲ. ಮದ್ದೂರು, ಮಂಡ್ಯ, ಮಳವಳ್ಳಿ ಎಲ್ಲಿ ಕೇಳಿದರೂ ಸೆಲ್ಲಿಲ್ಲ. ಮಾವ ಎದ್ದು ಹೊಸ ರೇಡಿಯೋದ ಬೆನ್ನು ಬಿಚ್ಚಿದರು. ಆಮೇಲೆ ಅದರ ದೊಡ್ಡ ಬ್ಯಾಟರಿಯನ್ನು ಎಳೆದು ಒಡೆದರು. ಒಳಗೆ ಸಣ್ಣ ಸಣ್ಣ ಸೆಲ್ಲುಗಳು ಒತ್ತೊತ್ತಾಗಿ ಕೂತಿದ್ದವು. ಒಂದೊಂದನ್ನೂ ನಾಲಿಗೆಗೆ ಹಿಡಿದರು. ಕೆಲವನ್ನು ಪುಡಿಗೆ, ಉಳಿದವನ್ನು ಕರೆಂಟಿಗೆ ಎಂದು ಬೇರೆ ಮಾಡಿದರು.

ಸಂಜೆ ಜಗಲಿಗೆ ಬಂದವರು ಕೇಳಿದರು, "ಯುದ್ಧ ಏನಾಯ್ತು ಯಜಮಾನ್ರೇ?"

"ಅದ್ರ ಪಾಡಿಗೆ ಅದು ನಡೀತದೆ, ಓಗ್ರಲಾ" ಎಂದರು.

ಮಾರನೆಯ ದಿನ ಪೂಜೆಯಾದ ಮೇಲೆ ಅತ್ತೆಯ ಕಿವಿಗೆ ಬಿಲ್ಲೆ ಕಟ್ಟಿದೆ. ಮೊದಲು ಅವರು ಬೆಚ್ಚಿ, "ಒಗ್ಗರಣೆ ಸಿಡುದಂಗಾಯ್ತದೆ ಕಣವ್ವ" ಎಂದರು. ಮಾವ ಡಬ್ಬಿಯನ್ನು ತುಟಿಯ ಹತ್ತಿರ ತಂದು, "ಲೇ ಇವ್ಳೇ, ಕೇಳುಸ್ತದಾ?" ಎಂದರು.

ಅತ್ತೆ ಬಿಲ್ಲೆಯನ್ನು ಕಿವಿಗೆ ಒತ್ತಿಕೊಂಡು ಅವರತ್ತ ತಿರುಗಿದರು. "ನಿಮ್ ದನಿ ಮುದಿಯಾಗ್ಬುಟ್ಟೈತಲ್ಲ!"

"ನೀನ್ ಕೇಳ್ದೇ ಇದ್ದಾಗ ಆಗೋಯ್ತು ಕಣೆ" ಎಂದರು ಮಾವ, ಅಪರಾಧಿಯಂತೆ. ನಾನು ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದೆ, ನಗಲೋ ಅಳಲೋ ತಿಳಿಯಲಿಲ್ಲ.

ಆಮೇಲೆ ಅವರಿಬ್ಬರ ಮಾತೇ ಮಾತು. ಜಗಳವಾದಾಗ ಅತ್ತೆ ತಂತಿ ಕಿತ್ತುಬಿಡುವರು, ಮಾವ ಡಬ್ಬಿ ಹಿಡಿದು ಹಿಂದೆ ಅಲೆಯುವರು. ಯುದ್ಧ ಮುಗಿದು ಬ್ಯಾಟರಿ ಸಿಕ್ಕುವಂತಾದ ಮೇಲೂ ಹೊಸ ಸೆಲ್ಲು ಮೊದಲು ಡಬ್ಬಿಗೆ, ಮಿಕ್ಕರೆ ರೇಡಿಯೋಗೆ.

ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಮಾವ ಹಾಸಿಗೆ ಹಿಡಿದರು. ಕೊನೆಯ ದಿನ ಅವರ ದನಿ ಇಳಿದುಹೋಗಿ, ತುಟಿ ಅಲುಗುತ್ತಿತ್ತೇ ಹೊರತು ನಮಗ್ಯಾರಿಗೂ ಏನೂ ಕೇಳುತ್ತಿರಲಿಲ್ಲ. ಅತ್ತೆ ಡಬ್ಬಿಯನ್ನು ಅವರ ತುಟಿಗೆ ತಾಗಿಸಿ ಹಿಡಿದು, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಒಂದೆರಡು ಸಲ ತಲೆಯಾಡಿಸಿದರು. ಆಮೇಲೆ ಮಾವನ ತುಟಿ ನಿಂತಿತು.

"ಏನಂದ್ರತ್ತೆ?" ಎಂದು ಬಿಲ್ಲೆ ತೆಗೆಯುವ ಮೊದಲೇ ಡಬ್ಬಿಗೆ ಬಾಯಿಟ್ಟು ಕೇಳಿದೆ.

"ನಿಮ್ಗೆಲ್ಲ ಕಿವಿ ಐತಲ್ಲ" ಎಂದಷ್ಟೇ ಹೇಳಿದರು. ಆ ಮಾತುಗಳೇನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಬಿಚ್ಚಿ ನೋಡದೆ ಬಿಡಬಾರದೆಂದು ಕಲಿಸಿದವರು, ಅದೊಂದನ್ನು ಮುಚ್ಚಿಯೇ ಹೋದರು.

ತಿಥಿ ಮುಗಿದ ಮೇಲೆ ಅತ್ತೆ ಡಬ್ಬಿಯ ಸೆಲ್ಲು ತೆಗೆದು, ತಂತಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. "ಇನ್ನೂ ಹುಳಿ ಐತೆ" ಎಂದರು. ಎಂದವರೇ ಡಬ್ಬಿಗೆ ಕುಂಕುಮ ಇಟ್ಟರು.

ನಾನು ಅವರ ಕೈ ಹಿಡಿದು, ಬೇಡ ಎಂದು ತಲೆಯಾಡಿಸಿದೆ.

"ಬುಡವ್ವ. ಇನ್ಯಾರ್ ದನಿ ಕೇಳ್ಬೇಕು ನಂಗೆ?" ಎನ್ನುತ್ತ ಗುಡಾಣದ ಮುಚ್ಚಳ ತೆಗೆದರು.