ಶಾಹಿಸ್ತಾ ಏರಿಸಿದ ವೋಲ್ಟೇಜು

ಬೆಟಗೇರಿಯ ಶಾಹಿಸ್ತಾಳ ಅಂಗಡಿಗೆ ಹೆಸರಿನ ಫಲಕವಿಲ್ಲ. ಟಿವಿ, ಇನ್ವರ್ಟರ್, ಹೊಲದ ಪಂಪಿನ ಸ್ಟಾರ್ಟರ್, ಯಾವುದು ಕೆಟ್ಟರೂ ಜನ "ಮಹಬೂಬಸಾಬರ ಮಗಳ ಕಡೆ ಒಯ್ಯಿರಿ" ಎನ್ನುತ್ತಾರೆ. ಮಹಬೂಬಸಾಬರು ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಕೈ ನಡುಗಲು ಶುರುವಾದಾಗ ಬೆಸುಗೆಯ ಕೆಲಸವನ್ನು ಮಗ ತಾರೀಖನಿಗೆ ಬಿಡದೆ ಮಗಳಿಗೆ ಬಿಟ್ಟರು. ಸಾಸಿವೆ ಕಾಳಿನಷ್ಟು ಬಿಡಿಭಾಗವನ್ನೂ ಅವಳು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದಳು. ಈಗ ಅವಳಿಗೆ ನಲವತ್ತೆರಡು. ತನ್ನ ಕೈಯಿಂದ ಹೋದ ಸಾಮಾನು ಅದೇ ದೂರು ಹೊತ್ತು ತಿರುಗಿ ಬಂದಿಲ್ಲ ಎಂಬ ಸಣ್ಣ ಗರ್ವ ಅವಳಿಗಿತ್ತು. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಮುಳಗುಂದದ ವೀರು ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟ. ಬೂಟಿನ ಡಬ್ಬಿಗಿಂತ ತುಸು ದೊಡ್ಡದು, ಎರಡೂ ತುದಿಗೆ ಫ್ಯಾನು. ವೀರುವಿನದು ಶೇಂಗಾ ವ್ಯಾಪಾರದ ಮನೆತನ, ಮನೆಯ ಹಿಂದೆ ಮುಚ್ಚಿದ ಎಣ್ಣೆ ಮಿಲ್ಲು ಇತ್ತು.

"ಇದೇನ್ರಿ ವೀರಣ್ಣಾರ, ಹೀಟರ್ ಏನು?"

"ಬಿಟ್‌ಕಾಯಿನ್ ಮಷಿನ್ ರೀ ಅಕ್ಕಾರ. ಹಳೇವು ಎಂಟು ತಗೊಂಡೇನಿ. ಹಗಲೂ ರಾತ್ರಿ ಲೆಕ್ಕ ಬಿಡಸ್ತಾವ. ಎಷ್ಟು ಜಲ್ದಿ ಬಿಡಸ್ತಾವೋ ಅಷ್ಟು ಕಾಯಿನ್ ಪಾಲು ಬರತೈತಿ. ಹಳೇವಾಗಿ ಓಟ ಸಾಲವಲ್ದು. ವೋಲ್ಟೇಜ್ ಏರಿಸಿದ್ರ ಓಡ್ತಾವಂತ."

"ಏರಿಸಿದ್ರ ಬಿಸೀನೂ ಏರತೈತಿ."

"ಫ್ಯಾನ್ ಅದಾವಲ್ರಿ!"

ಡಬ್ಬಿ ಎರಡು ದಿನ ಅವಳ ಮೇಜಿನ ಮೇಲೇ ಇತ್ತು. ಚಾಲೂ ಮಾಡಿದ ಕೂಡಲೇ ಎದ್ದ ಸದ್ದಿಗೆ ಎದುರಿನ ಅಂಗಡಿಯವರು ಹೊರಗೆ ಬಂದು ನಿಂತರು. ಮನೆಯಲ್ಲಿ ಇಡೀ ದಿನಕ್ಕೆ ಬೇಕಾಗುವಷ್ಟು ಕರೆಂಟನ್ನು ಅದು ಎರಡು ಮೂರು ತಾಸಿನಲ್ಲಿ ನುಂಗುತ್ತಿತ್ತು. ಶಾಹಿಸ್ತಾ ದಂಗಾದಳು. ಹಿಟ್ಟು ಬೀಸುವುದಿಲ್ಲ, ನೀರು ಎತ್ತುವುದಿಲ್ಲ, ಹೊರಬರುವುದು ಬಿಸಿಗಾಳಿ ಮತ್ತು ಕಂಪ್ಯೂಟರಿನ ಪರದೆಯ ಮೇಲೆ ಒಂದಿಷ್ಟು ಅಂಕಿ! ಆದರೂ ಒಳಗಿನ ಬೋರ್ಡು ನೋಡಿದಾಗ ಆಸೆ ಹುಟ್ಟಿತು. ಕರೆಂಟು ಕೊಡುವ ಪೆಟ್ಟಿಗೆಯಲ್ಲಿ ಒಂದೇ ಒಂದು ಸಣ್ಣ ರೆಸಿಸ್ಟರ್ ಬದಲಿಸಿದರೆ ಹನ್ನೆರಡು ವೋಲ್ಟು ಹದಿಮೂರಾಗುತ್ತಿತ್ತು. ಅವಳು ಬದಲಿಸಿದಳು. ವೀರು ಚಿಪ್‌ಗಳ ಓಟ ಹೆಚ್ಚಿಸುವ ಸಾಫ್ಟ್‌ವೇರ್ ಹಾಕಿದ. ಪರದೆಯ ಅಂಕಿ ಸರಸರನೆ ಏರಿತು.

"ಅಕ್ಕಾರ, ನಿಮ್ಮ ಕೈಯಾಗ ಏನೈತ್ರಿ!" ಎಂದ ವೀರು. ಅವಳು ನಕ್ಕಳು.

ಶ್ರಾವಣ ಹತ್ತಿದ ಮೇಲೆ ಉಳಿದ ಏಳನ್ನು ತಿದ್ದಲು ಅವಳೇ ಮುಳಗುಂದಕ್ಕೆ ಹೋದಳು. ಹಳೆಯ ಮಿಲ್ಲಿಗೆ ಮೂರು ಫೇಸಿನ ಲೈನಿತ್ತು, ಮಷಿನ್ನುಗಳನ್ನು ಕಟ್ಟಿಗೆಯ ಹಲಗೆಗಳ ಮೇಲೆ ಸಾಲಾಗಿ ಇಟ್ಟಿದ್ದರು. ಅವು ಉಗುಳುವ ಬಿಸಿಗಾಳಿ ಗೋಡೆಯ ಕಿಂಡಿಗಳಿಂದ ಹಿಂದಿನ ಕೋಣೆಗೆ ಹೋಗುತ್ತಿತ್ತು. ಆ ಕೋಣೆಯ ಬಾಗಿಲು ಹಾಕಿತ್ತು. ಶಾಹಿಸ್ತಾ ತೆಗೆದು ನೋಡಲಿಲ್ಲ. ವೀರುವಿನ ತಾಯಿ ಸಿದ್ದಲಿಂಗವ್ವ ಎರಡು ಸಲ ಚಹಾ ತಂದುಕೊಟ್ಟರು. "ಹೆಣ್ಣಮಗಳು ಇಷ್ಟೆಲ್ಲ ಕಲತೀಯಲ್ಲ ಯವ್ವಾ!" ಎಂದು ಬೆನ್ನು ಸವರಿದರು.

ಸಂಜೆ ಎಂಟೂ ಒಟ್ಟಿಗೆ ಚಾಲೂ ಆದವು. ಶಾಹಿಸ್ತಾ ಒಂದೊಂದರ ವೈರಿನ ಪಿನ್ನು ಮುಟ್ಟುತ್ತ ಬಂದಳು. ಕೊನೆಯದರ ಮೇಲೆ ಬೆರಳು ನಿಲ್ಲಲಿಲ್ಲ, ಚುರ್ ಎಂದು ಹಿಂದೆ ಬಂತು. ಹೆಚ್ಚಿದ ಕರೆಂಟಿಗೆ ಆ ಹಳೆಯ ವೈರು ಸಾಲುತ್ತಿರಲಿಲ್ಲ. ಆ ಮಷಿನ್ನನ್ನು ಆಗಲೇ ಬಂದ್ ಮಾಡಿಸಬೇಕಿತ್ತು. ಆದರೆ ವೀರು ಹಿಗ್ಗಿ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ, ಸಿದ್ದಲಿಂಗವ್ವ ಹೊಗಳುತ್ತಿದ್ದರು, ಬಸ್ಸಿನ ಹೊತ್ತೂ ಆಗಿತ್ತು. ನಾಲ್ಕು ದಿನ ಬಿಟ್ಟು ದಪ್ಪ ವೈರು ತಂದು ಹಾಕಿದರಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಳು.

ನಾಲ್ಕನೆಯ ದಿನ ಮಧ್ಯಾಹ್ನ ವೈರಿನ ಸುರುಳಿ ಹಿಡಿದು ಮುಳಗುಂದದಲ್ಲಿ ಇಳಿದಾಗ ಓಣಿಗೆ ಓಣಿಯೇ ಕೆಮ್ಮುತ್ತಿತ್ತು. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು. ಮಿಲ್ಲಿನ ಹೆಂಚಿನ ಸಂದಿಯಿಂದ ಹಳದಿ ಹೊಗೆ ಏಳುತ್ತಿತ್ತು. ಮೊದಲ ಉಸಿರಿಗೇ ಶಾಹಿಸ್ತಾಳ ಗಂಟಲು ಉರಿಯಿತು. ಕರೆಂಟಿನ ಹೊಗೆ ಅವಳಿಗೆ ಹೊಸದಲ್ಲ, ಇದು ಅದಾಗಿರಲಿಲ್ಲ.

"ಮೆಣಸಿನಕಾಯಿ! ಮೆಣಸಿನಕಾಯಿ ಸುಡಾಕ ಹತ್ಯಾವ!" ಎಂದು ಪಕ್ಕದ ಮನೆಯ ತಿರಕಪ್ಪ ಕೂಗಿದ. "ಸಿದ್ದಲಿಂಗವ್ವ ಒಳಗ ಅದಾಳ! ವೀರು ಗದಗಕ್ಕ ಹೋಗ್ಯಾನ!"

ಶಾಹಿಸ್ತಾ ಅಲ್ಲೇ ಇದ್ದ ಬಕೆಟ್ಟಿನಲ್ಲಿ ದುಪಟ್ಟಾ ಅದ್ದಿ ಮೂಗಿಗೆ ಕಟ್ಟಿಕೊಂಡಳು. ಬಾಗಿಲ ಬಳಿಯ ಮೇನ್ ಸ್ವಿಚ್ಚನ್ನು ಕಟ್ಟಿಗೆಯಿಂದ ಕೆಳಗೆ ಹೊಡೆದಳು. ಫ್ಯಾನುಗಳ ಆರ್ಭಟ ನಿಂತಿತು. ಕೊನೆಯ ಮಷಿನ್ನಿನ ಪಿನ್ನು ಕರಗಿ ಕರ್ರಗಾಗಿತ್ತು. ಅದರಿಂದ ಸಿಡಿದ ಕಿಡಿಯನ್ನು ಫ್ಯಾನು ಕಿಂಡಿಯಾಚೆ ಊದಿತ್ತು. ಅವಳು ಹಿಂದಿನ ಕೋಣೆಯ ಬಾಗಿಲು ನೂಕಿದಳು. ಕಿಂಡಿಗಳ ಮುಂದೆ ಸಾಲಾಗಿ ಗೋಣಿತಾಟು ಹಾಸಿ, ಮೇಲೆ ಕೆಂಪಗೆ ಮೆಣಸಿನಕಾಯಿ ಹರವಿತ್ತು. ಒಂದು ಮೂಲೆ ಹೊತ್ತಿ ಹೊಗೆಯಾಡುತ್ತಿತ್ತು. ಇನ್ನೊಂದು ಮೂಲೆಯಲ್ಲಿ ಸಿದ್ದಲಿಂಗವ್ವ ಗೋಡೆಗೆ ಮುಖವಿಟ್ಟು ಕುಸಿದಿದ್ದರು.

ಹೇಗೆ ಎಳೆದು ತಂದಳೋ ಅವಳಿಗೇ ನೆನಪಿಲ್ಲ. ಯಾರೋ ನೀರು ಹೊಡೆದರು, ಯಾರೋ ಟಂಟಂ ಆಟೋ ತಂದರು. ಗದಗಿನ ಆಸ್ಪತ್ರೆ ಮುಟ್ಟುವವರೆಗೂ ಸಿದ್ದಲಿಂಗವ್ವನ ತಲೆ ಅವಳ ತೊಡೆಯ ಮೇಲಿತ್ತು.

ಮರುದಿನ ಸಿದ್ದಲಿಂಗವ್ವ ಮೂಗಿನ ನಳಿಕೆ ಸರಿಸಿ ಮಾತಾಡಿದರು. ದನಿ ಒಡೆದಿತ್ತು.

"ಶ್ರಾವಣದ ತಂಪಿಗೆ ಕಾಯಿ ಮೆತ್ತಗಾಗಿದ್ವು ಯವ್ವಾ. ಬಿಸಿಗಾಳಿ ಪುಕ್ಕಟ ಬರ್ತಿತ್ತಲ್ಲ, ಹರವಿದ್ದೆ. ನೀ ಬಂದುಹೋದ ಮ್ಯಾಲ ಬಿಸಿ ಮತ್ತೂ ಜೋರಾತು. ಮಗಳು ಚಲೋ ಮಾಡಿದಳು ಅಂತ ಓಣಿ ತುಂಬ ಹೇಳಕೋತ ಬಂದೇನಿ."

ಶಾಹಿಸ್ತಾ ನಳಿಕೆಯನ್ನು ಮತ್ತೆ ಅವರ ಮೂಗಿಗೆ ಕೂರಿಸಿದಳು. ಹೊರಗೆ ಬಂದು ವೆರಾಂಡದಲ್ಲಿ ಕೂತಿದ್ದ ವೀರುವಿನ ಮುಂದೆ ನಿಂತಳು.

"ವೀರಣ್ಣಾರ, ಆ ಪಿನ್ನ ಕಾಯ್ತಿತ್ತು. ಅವತ್ತ ಸಂಜಿಕ ನನಗ ಗೊತ್ತಾಗಿತ್ತು. ನಾ ಹೇಳಲಿಲ್ಲ."

"ಅವ್ವ ಕಾಯಿ ಹರವಿದ್ದು ನನಗೂ ಗೊತ್ತಿತ್ತು" ಎಂದ ವೀರು. ಆಮೇಲೆ ದನಿ ಏರಿತು. "ಆದ್ರ ನಿಮಗ ಗೊತ್ತಿತ್ತಲ್ರಿ, ಕರೆಂಟಿಂದು! ನಿಮ್ಮ ಮ್ಯಾಲ ನಂಬಿಗಿ ಇಟ್ಟಿದ್ದೆ ನಾ!"

ಮೂರು ವಾರ ಅವನು ಫೋನು ಎತ್ತಲಿಲ್ಲ. ನಾಲ್ಕನೆಯ ವಾರ ಅವಳು ಕರೆಯದೆಯೇ ಹೋಗಿ, ಉಳಿದ ಏಳರ ರೆಸಿಸ್ಟರ್ ಕಿತ್ತು ಮೊದಲಿನಂತೆ ಹನ್ನೆರಡು ವೋಲ್ಟಿಗೆ ಇಳಿಸಿದಳು. ವೈರುಗಳನ್ನೂ ಬದಲಿಸಿದಳು. ವೀರು ಬಾಗಿಲಲ್ಲಿ ನಿಂತು ನೋಡಿದ, ಬೇಡ ಎನ್ನಲಿಲ್ಲ, ಕುಂಡ್ರಿ ಎಂದೂ ಅನ್ನಲಿಲ್ಲ. ದೀಪಾವಳಿಯ ಹೊತ್ತಿಗೆ ಅವನು ಮಷಿನ್ನುಗಳನ್ನು ಹುಬ್ಬಳ್ಳಿಯವರಿಗೆ ಮಾರಿಬಿಟ್ಟ.

ಸಂಕ್ರಾಂತಿ ಕಳೆದು ಒಂದು ದಿನ ಸಿದ್ದಲಿಂಗವ್ವ ಸೀರೆ ಕೊಳ್ಳಲು ಬೆಟಗೇರಿಗೆ ಬಂದವರು ಅಂಗಡಿಯ ಮೆಟ್ಟಿಲು ಹತ್ತಿದರು. ಶಾಹಿಸ್ತಾ ಗಡಬಡಿಸಿ ಎದ್ದು ಸ್ಟೂಲು ಒರೆಸಿ ಕೊಟ್ಟಳು. ಅವರ ದನಿ ಇನ್ನೂ ಸರಿಹೋಗಿರಲಿಲ್ಲ, ಒಂದು ಮಾತಿಗೆ ಎರಡು ಸಲ ಉಸಿರು ಎಳೆಯುತ್ತಿದ್ದರು.

"ಪಿನ್ನಿಂದು ವೀರು ಹೇಳ್ಯಾನ. ನನಗ ಮಾತಾಡಾಕ ತ್ರಾಸ ಆಗತೈತಿ. ನೀನ ಮಾತಾಡು" ಎಂದರು.

ಸಿದ್ದಲಿಂಗವ್ವ ಮಡಿಲಲ್ಲಿ ಕೈ ಇಟ್ಟುಕೊಂಡು ಕಾಯುತ್ತ ಕೂತರು. ಕೊನೆಗೆ ಶಾಹಿಸ್ತಾ ತನ್ನ ಮಗಳು ಮಹೆಕಳ ಪರೀಕ್ಷೆಯ ಮಾತು ತೆಗೆದಳು. ಲೆಕ್ಕದಲ್ಲಿ ಹುಷಾರಿದ್ದಾಳೆ, ಆದರೆ ಕನ್ನಡದ ಪ್ರಬಂಧ ಬರೆಯಲು ಅಳುತ್ತಾಳೆ ಎಂದು ತಡವರಿಸುತ್ತ ಹೇಳತೊಡಗಿದಳು.